ಬಾಲೂ ತಮ್ಮ: ಒಂದು ದಪ್ಪ, ತುಂಟ ಕನ್ನಡ ಫಾಂಟ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೋರ್ಡ್, ಬ್ಯಾನರ್, ಆಮಂತ್ರಣ ಪತ್ರಿಕೆ ಮಾಡುವ ಕೆಲಸದವನು. ಬಾಲೂ ತಮ್ಮ ಫಾಂಟ್ ಬಳಸಿ ಏನಾದರೂ ಮಾಡಿಕೊಟ್ಟರೆ ಸಾಕು, "ಇದು ಯಾವ ಅಕ್ಷರ? ಎಲ್ಲಿ ಸಿಗುತ್ತೆ? ನಾನು ಹಾಕಿದ್ರೆ ಯಾಕೆ ಹೀಗೆ ಬರಲ್ಲ?" ಎಂದು ಯಾರಾದರೂ ಕೇಳುತ್ತಾರೆ. ಆ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಓದುವ ಮೊದಲು ಒಂದು ಮಾತು ನೆನಪಿಟ್ಟುಕೊಳ್ಳಿ. ದಪ್ಪ ಅಕ್ಷರದ ಅಂದ ಇರುವುದು ಕಪ್ಪಿನಲ್ಲಲ್ಲ, ಆ ಕಪ್ಪಿನ ಒಳಗೆ ಮತ್ತು ಸುತ್ತ ಉಳಿಯುವ ಬಿಳಿ ಜಾಗದಲ್ಲಿ. ಮುಂದೆ ಬರುವ ಹೆಚ್ಚಿನ ಉತ್ತರಗಳು ಅದೇ ಮಾತಿಗೆ ಬಂದು ಸೇರುತ್ತವೆ.

ಬಾಲೂ ತಮ್ಮ ಅಂದರೆ ಏನು? ಯಾರು ಮಾಡಿದ್ದು?

ಬಾಲೂ ಒಂದು ದೊಡ್ಡ ಫಾಂಟ್ ಕುಟುಂಬ. ಮಾಡಿದ್ದು ಮುಂಬೈನ ಏಕ್ ಟೈಪ್ ಎಂಬ ತಂಡ. ಭಾರತದ ಲಿಪಿಗಳಿಗೆ ಅಕ್ಷರ ಮಾಡುವುದೇ ಅವರ ಕೆಲಸ. ದೇವನಾಗರಿ, ಬಂಗಾಳಿ, ಗುಜರಾತಿ, ಗುರುಮುಖಿ, ಒಡಿಯಾ, ತಮಿಳು, ತೆಲುಗು, ಮಲಯಾಳಂ, ಉರ್ದು ಎಲ್ಲಕ್ಕೂ ಒಂದೊಂದು ಬಾಲೂ ಇದೆ. ಅದರ ಕನ್ನಡ ರೂಪವೇ ಬಾಲೂ ತಮ್ಮ. ಕನ್ನಡದ ಅಕ್ಷರಗಳನ್ನು ರೂಪಿಸಿದವರು ದಿವ್ಯಾ ಕೌಶಿಕ್ ಮತ್ತು ಶುಚಿತಾ ಗ್ರೋವರ್. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತದೆ.

"ತಮ್ಮ" ಎಂಬ ಹೆಸರು ಯಾಕೆ?

ನನಗೆ ತುಂಬಾ ಇಷ್ಟವಾದ ವಿಷಯ ಇದು. ಹಿಂದಿಯಲ್ಲಿ ಭಾಲೂ ಅಂದರೆ ಕರಡಿ. ದಪ್ಪಗೆ, ಮೆತ್ತಗೆ, ನೋಡಿದರೆ ಅಪ್ಪಿಕೊಳ್ಳಬೇಕು ಅನ್ನಿಸುವ ಕರಡಿ. ದೇವನಾಗರಿಯದ್ದು ಬರೀ ಬಾಲೂ. ಉಳಿದ ಪ್ರತಿ ಭಾಷೆಯಲ್ಲೂ ಆ ಕರಡಿಗೆ ಅಣ್ಣನೋ ತಮ್ಮನೋ ಎಂದು ಕರೆಯುವ ಹೆಸರು ಸೇರಿಸಿದ್ದಾರೆ. ಗುಜರಾತಿಗೆ ಭಾಯ್, ಪಂಜಾಬಿಗೆ ಪಾಜಿ, ಬಂಗಾಳಿಗೆ ದಾ, ಒಡಿಯಾಕ್ಕೆ ಭಾಯಿನಾ, ಮಲಯಾಳಂಗೆ ಚೇಟ್ಟನ್, ಉರ್ದುವಿಗೆ ಭಾಯಿಜಾನ್. ತಮಿಳಿನವನು ತಂಬಿ, ತೆಲುಗಿನವನು ತಮ್ಮುಡು, ನಮ್ಮವನು ತಮ್ಮ. ಮಲಯಾಳಂ ಮತ್ತು ಬಂಗಾಳಿಯವರು ಅಣ್ಣಂದಿರು. ನಾವು, ತಮಿಳಿನವರು, ತೆಲುಗಿನವರು ಕಿರಿಯರು. ಫಾಂಟ್‌ನ ಸ್ವಭಾವಕ್ಕೂ ಈ ಹೆಸರು ಒಪ್ಪುತ್ತದೆ. ಮನೆಯಲ್ಲಿ ಓಡಾಡಿಕೊಂಡಿರುವ ತುಂಟ ತಮ್ಮನ ಹಾಗೆಯೇ ಇದೆ ಅದು.

ಇದರ ಗುಣ ಏನು? ಬೇರೆ ದಪ್ಪ ಫಾಂಟ್‌ಗಳಿಗಿಂತ ಹೇಗೆ ಬೇರೆ?

ಮೊದಲು ಕನ್ನಡದ ಕಷ್ಟ ನೋಡೋಣ. ನಮ್ಮ ಅಕ್ಷರಗಳು ಹುಟ್ಟಿನಿಂದಲೇ ದುಂಡು. ಒಂದು ಅಕ್ಷರದ ಒಳಗೇ ಎರಡು ಮೂರು ಸುರುಳಿ. ಮೇಲೆ ತಲೆಕಟ್ಟು, ಗುಡಿಸು. ಪಕ್ಕದಲ್ಲಿ ಕೊಂಬು, ದೀರ್ಘ. ಕೆಳಗೆ ಒತ್ತು. ಇಷ್ಟನ್ನೂ ಇಟ್ಟುಕೊಂಡು ಗೆರೆಯನ್ನು ದಪ್ಪ ಮಾಡಿದರೆ ಒಳಗಿನ ಜಾಗವೆಲ್ಲ ಮುಚ್ಚಿಹೋಗುತ್ತದೆ. ಣ, ಋ, ಞ, ಝ ಈ ನಾಲ್ಕನ್ನು ದಪ್ಪ ಮಾರ್ಕರ್ ಪೆನ್ನಿನಲ್ಲಿ ಚಿಕ್ಕದಾಗಿ ಬರೆದು ನೋಡಿ. ಮಸಿಯ ಉಂಡೆ ಆಗುತ್ತದೆ.

ಇನ್ನೊಂದು ಕಷ್ಟ ಇದಕ್ಕಿಂತ ದೊಡ್ಡದು. ಕನ್ನಡದಲ್ಲಿ ಸಣ್ಣ ಗುರುತೊಂದು ಇಡೀ ಅಕ್ಷರವನ್ನೇ ಬದಲಾಯಿಸುತ್ತದೆ. ದ-ಗೆ ಹೊಟ್ಟೆ ಸೀಳುವ ಗೀಟು ಹಾಕಿದರೆ ಧ. ಧ-ದ ನಡುವೆ ಚುಕ್ಕೆ ಇಟ್ಟರೆ ಥ. ಪ-ಗೆ ಸೀಳಿದರೆ ಫ, ಒಳಗೆ ಗೆರೆ ಎಳೆದರೆ ಷ. ದಪ್ಪ ಅಕ್ಷರದಲ್ಲಿ ಈ ಗೀಟು, ಚುಕ್ಕೆಗಳಿಗೆ ಜಾಗವೇ ಇರುವುದಿಲ್ಲ. ಜಾಗ ಕೊಡದಿದ್ದರೆ "ಧನ" ಹೋಗಿ "ದನ" ಆಗುತ್ತದೆ. ಅಂಗಡಿ ಬೋರ್ಡ್‌ನಲ್ಲಿ ಇದು ಸಣ್ಣ ತಪ್ಪಲ್ಲ, ಅಲ್ವಾ?

ಹಾಗಾಗಿ ಒಳ್ಳೆಯ ದಪ್ಪ ಫಾಂಟ್ ಮಾಡುವವರು ಗೆರೆಯನ್ನು ಎಲ್ಲ ಕಡೆ ಒಂದೇ ಸಮ ಉಬ್ಬಿಸುವುದಿಲ್ಲ. ಹೊರಗಿನ ಮೈ ದಪ್ಪಗಿರಲಿ, ಎರಡು ಗೆರೆ ಸೇರುವ ಕಡೆ ಸ್ವಲ್ಪ ಸಣ್ಣಗಾಗಲಿ ಎಂದು ನೋಡಿಕೊಳ್ಳುತ್ತಾರೆ. ಅಕ್ಷರವನ್ನು ಸ್ವಲ್ಪ ಅಗಲ ಮಾಡಿ ಹೊಟ್ಟೆಗೆ ಉಸಿರು ಕೊಡುತ್ತಾರೆ. ಬಾಲೂ ತಮ್ಮದಲ್ಲಿ ಈ ಲೆಕ್ಕಾಚಾರ ಚೆನ್ನಾಗಿ ಕಾಣುತ್ತದೆ. ಮೈ ತುಂಬಿಕೊಂಡಿದೆ, ಅಂಚು ಮೆತ್ತಗಿದೆ. ಆದರೂ ತಲೆಕಟ್ಟು ತಲೆಕಟ್ಟಾಗಿ, ಒತ್ತು ಒತ್ತಾಗಿ ಬೇರೆ ಬೇರೆ ಕಾಣುತ್ತವೆ. ಜೊತೆಗಿರುವ ಇಂಗ್ಲಿಷ್ ಅಕ್ಷರಗಳಲ್ಲೂ ಇದೇ ಸ್ವಭಾವ. ಗೆರೆಗಳು ಸೇರುವ ಕಡೆ ಚೂಪಾಗಿ ಚಾಚಿದ ತುದಿ ಇಲ್ಲ, ನುಣ್ಣಗೆ ಹರಿದು ಸೇರುತ್ತವೆ.

ಸಾಮಾನ್ಯ ಫಾಂಟ್ ತೆಗೆದುಕೊಂಡು ಸುತ್ತ ದಪ್ಪ ಗೆರೆ ಕಟ್ಟಿದರೆ ಇದು ಸಿಗುವುದಿಲ್ಲ. ಅದು ಊದಿಕೊಂಡ ಅಕ್ಷರ. ಇದು ದಪ್ಪಗೇ ಹುಟ್ಟಿದ ಅಕ್ಷರ.

ತುಂಟತನ ಅಂತೀರಲ್ಲ, ಅದು ಎಲ್ಲಿದೆ?

ಯಾವುದೋ ಒಂದು ಅಲಂಕಾರದಲ್ಲಿ ಇಲ್ಲ. ಅಕ್ಷರಕ್ಕೆ ಕಣ್ಣು, ಬಾಲ ಅಂಟಿಸಿಲ್ಲ. ದುಂಡು ಹೊಟ್ಟೆ, ಗಿಡ್ಡ ಕುತ್ತಿಗೆ, ದಪ್ಪ ಕೊಂಬು ಸೇರಿ ಪದ ತಾನೇ ನಗುವ ಹಾಗೆ ಕಾಣುತ್ತದೆ. "ಬೆಣ್ಣೆ", "ಗೊಂಬೆ", "ಚುಕ್ಕಿ" ಎಂದು ದೊಡ್ಡದಾಗಿ ಬರೆದು ನೋಡಿ. ಅದೇ ಫಾಂಟ್‌ನಲ್ಲಿ "ತೆರಿಗೆ" ಎಂದು ಬರೆಯಿರಿ. ಅದು ಕೂಡ ಸ್ವಲ್ಪ ಸ್ನೇಹಿತನ ಹಾಗೆ ಕಾಣುತ್ತದೆ.

ಡಿಸ್‌ಪ್ಲೇ ಫಾಂಟ್ ಅಂದರೇನು? ಇದರಲ್ಲಿ ಇಡೀ ಲೇಖನ ಬರೆಯಬಹುದಾ?

ದೊಡ್ಡದಾಗಿ, ಕೆಲವೇ ಪದಗಳಿಗೆ ಬಳಸಲು ಮಾಡಿದ ಅಕ್ಷರ ಡಿಸ್‌ಪ್ಲೇ ಫಾಂಟ್. ಶೀರ್ಷಿಕೆ, ಬೋರ್ಡ್, ಪೊಟ್ಟಣದ ಮೇಲಿನ ಹೆಸರು ಇಂಥದ್ದಕ್ಕೆ. ಇಡೀ ಲೇಖನಕ್ಕೆ ಬೇಡ. ನಾಲ್ಕು ಸಾಲು ಓದುವಷ್ಟರಲ್ಲಿ ಕಣ್ಣು ದಣಿಯುತ್ತದೆ.

ಕನ್ನಡಕ್ಕೆ ಇಂಥ ದಪ್ಪ ಅಕ್ಷರ ಯಾಕೆ ಬೇಕು?

ಇಂಗ್ಲಿಷಿನವರಿಗೆ ದೊಡ್ಡಕ್ಷರ, ಸಣ್ಣಕ್ಷರ ಎಂಬ ಎರಡು ಸಾಲು ಇವೆ. ಒಂದು ಪದಕ್ಕೆ ಒತ್ತು ಕೊಡಬೇಕಾದರೆ ಪೂರ್ತಿ ದೊಡ್ಡಕ್ಷರದಲ್ಲಿ ಬರೆದುಬಿಡುತ್ತಾರೆ. ಅಥವಾ ಓರೆ ಮಾಡುತ್ತಾರೆ. ನಮಗೆ ದೊಡ್ಡಕ್ಷರ ಇಲ್ಲ. ಓರೆ ಅಕ್ಷರದ ಪದ್ಧತಿಯೂ ನಮ್ಮದಲ್ಲ. ನಮ್ಮ ಕೈಯಲ್ಲಿ ಇರುವುದು ಮೂರೇ: ಅಳತೆ, ಬಣ್ಣ, ದಪ್ಪ. ಅದಕ್ಕೇ ಒಳ್ಳೆಯ ದಪ್ಪ ಅಕ್ಷರಕ್ಕೆ ಕನ್ನಡದಲ್ಲಿ ಕೆಲಸ ಜಾಸ್ತಿ.

ಹಿಂದೆ ಈ ಕೆಲಸವನ್ನು ಬ್ರಷ್ ಹಿಡಿದ ಕಲಾವಿದರು ಮಾಡುತ್ತಿದ್ದರು. ಅಂಗಡಿ ಬೋರ್ಡ್, ಲಾರಿಯ ಹಣೆ, ಸಿನಿಮಾ ಪೋಸ್ಟರ್, ಗೋಡೆ ಬರಹ. ಅವರಿಗೆ ಒಂದು ಅನುಕೂಲ ಇತ್ತು. ಒತ್ತಿಗೆ ಜಾಗ ಸಾಲದಿದ್ದರೆ ಅದನ್ನು ಸ್ವಲ್ಪ ಪಕ್ಕಕ್ಕೆ ತಳ್ಳುತ್ತಿದ್ದರು. ಗುಡಿಸನ್ನು ಮೇಲಿನ ಸಾಲಿನ ಸಂದಿಗೆ ಏರಿಸುತ್ತಿದ್ದರು. ಪ್ರತಿ ಪದಕ್ಕೂ ಅಲ್ಲೇ ನಿಂತು ತೀರ್ಮಾನ ಮಾಡುತ್ತಿದ್ದರು. ಫಾಂಟ್‌ಗೆ ಆ ಸ್ವಾತಂತ್ರ್ಯ ಇಲ್ಲ. ಯಾವ ಅಕ್ಷರದ ಪಕ್ಕ ಯಾವುದು ಬಂದರೂ ಅದು ಸರಿಯಾಗಿ ಕೂರಬೇಕು. ದಪ್ಪ ಕನ್ನಡ ಫಾಂಟ್ ಮಾಡುವುದು ಎಷ್ಟು ಕಷ್ಟ ಎಂದು ಇದರಿಂದ ತಿಳಿಯುತ್ತದೆ. ಆ ಬ್ರಷ್ ಕಲಾವಿದರ ಮೇಲಿನ ಗೌರವವೂ ಹೆಚ್ಚುತ್ತದೆ.

ಬಾಲೂ ತಮ್ಮ, ಬಾಲೂ ತಮ್ಮ 2 ಎಂದು ಎರಡು ಕಾಣುತ್ತವೆ. ಯಾವುದು ಬೇಕು?

2 ಎಂದಿರುವುದನ್ನೇ ತೆಗೆದುಕೊಳ್ಳಿ. ಮೊದಲು ಬಂದ ಬಾಲೂ ತಮ್ಮದಲ್ಲಿ ಒಂದೇ ದಪ್ಪ ಇತ್ತು. ಬಾಲೂ ತಮ್ಮ 2ರಲ್ಲಿ ಐದು ಇವೆ: ರೆಗ್ಯುಲರ್, ಮೀಡಿಯಂ, ಸೆಮಿಬೋಲ್ಡ್, ಬೋಲ್ಡ್, ಎಕ್ಸ್‌ಟ್ರಾಬೋಲ್ಡ್. ಅಂಕಿಯಲ್ಲಿ ಹೇಳಿದರೆ 400ರಿಂದ 800. ವೇರಿಯಬಲ್ ಫಾಂಟ್ ಆಗಿಯೂ ಸಿಗುತ್ತದೆ. ಅದರಲ್ಲಿ ನಡುವಿನ ಯಾವ ದಪ್ಪವನ್ನಾದರೂ ಆರಿಸಿಕೊಳ್ಳಬಹುದು.

ಇದರ ನಿಜವಾದ ಲಾಭ ಹೀಗೆ. ಹೆಸರನ್ನು 800ರಲ್ಲಿ ಇಡಿ. ಅದರ ಕೆಳಗಿನ ಚಿಕ್ಕ ಸಾಲನ್ನು 500ರಲ್ಲಿ ಇಡಿ. ಅಳತೆ ಕಡಿಮೆಯಾದಂತೆ ದಪ್ಪವನ್ನೂ ಕಡಿಮೆ ಮಾಡಿದರೆ ಒಳಗಿನ ಬಿಳಿ ಜಾಗ ಉಳಿಯುತ್ತದೆ. ಎರಡೂ ಸಾಲು ಒಂದೇ ಮನೆಯವರ ಹಾಗೆ ಕಾಣುತ್ತವೆ.

ಎಲ್ಲೆಲ್ಲಿ ಚೆನ್ನಾಗಿ ಒಪ್ಪುತ್ತದೆ?

ಮಕ್ಕಳ ಪುಸ್ತಕದ ಮುಖಪುಟ, ಬೇಸಿಗೆ ಶಿಬಿರ, ಅಂಗನವಾಡಿ ಗೋಡೆ, ಆಟಿಕೆ ಅಂಗಡಿ. ಐಸ್‌ಕ್ರೀಮ್, ಚುರುಮುರಿ, ಜ್ಯೂಸ್, ಬೇಕರಿ. ನಾಮಕರಣ, ಮೊದಲ ಹುಟ್ಟುಹಬ್ಬದ ಕಾರ್ಡ್. ವಿಡಿಯೋದ ಥಂಬ್‌ನೇಲ್‌ಗೆ ಕೂಡ. ಫೋನಿನ ಚಿಕ್ಕ ಪರದೆಯಲ್ಲಿ ಮೂರು ಪದ ಥಟ್ಟನೆ ಓದಿಸಿಕೊಳ್ಳಬೇಕಲ್ಲ, ಅಲ್ಲಿ ಇದು ಗೆಲ್ಲುತ್ತದೆ. ಉಪ್ಪಿನಕಾಯಿ, ಚಕ್ಕುಲಿ, ಹಪ್ಪಳದಂಥ ಮನೆ ತಿಂಡಿಯ ಪೊಟ್ಟಣಕ್ಕೂ ಹಾಕಿದ್ದೇನೆ. ಕೊಬ್ಬರಿ ಮಿಠಾಯಿಗೆ ಹಾಕಿದ್ದು ನನ್ನ ಇಷ್ಟದ ಕೆಲಸ. ತಿಂಡಿಯ ಮೆದುವಿಗೂ ಅಕ್ಷರದ ಮೆದುವಿಗೂ ಸರಿಹೊಂದಿತ್ತು.

ಎಲ್ಲಿ ಬೇಡ?

ಶ್ರದ್ಧಾಂಜಲಿ ಬ್ಯಾನರ್‌ಗೆ ಖಂಡಿತ ಬೇಡ. ಆಸ್ಪತ್ರೆಯ ಸೂಚನೆ, ಅಪಾಯದ ಫಲಕ, ನ್ಯಾಯಾಲಯದ ಪ್ರಕಟಣೆ ಇವಕ್ಕೂ ಬೇಡ. ಅಲ್ಲಿ ಓದುವವರ ಮನಸ್ಸು ಬೇರೆ ಇರುತ್ತದೆ.

ಒಂದು ಮಾತು ಶಿಕ್ಷಕರಿಗೆ. ಅಕ್ಷರ ಕಲಿಸುವ ಚಾರ್ಟ್‌ಗೆ ಇದನ್ನು ಹಾಕಬೇಡಿ. ಮಕ್ಕಳದ್ದು ಅಂದ ಕೂಡಲೇ ಇದೇ ಸರಿ ಅನ್ನಿಸುತ್ತದೆ. ಆದರೆ ಅ, ಆ ಬರೆಯಲು ಕಲಿಯುವ ಮಗುವಿಗೆ ಗೆರೆ ಎಲ್ಲಿ ಶುರು, ಎಲ್ಲಿ ತಿರುವು, ಎಲ್ಲಿ ಮುಗಿಯುತ್ತೆ ಎಂಬುದು ಕಾಣಬೇಕು. ದಪ್ಪ ಅಕ್ಷರದಲ್ಲಿ ಆ ದಾರಿ ಮುಚ್ಚಿಹೋಗಿರುತ್ತದೆ. ಚಾರ್ಟ್‌ನ ತಲೆಬರಹಕ್ಕೆ ಬಾಲೂ ಇರಲಿ, ಅಕ್ಷರಮಾಲೆಗೆ ಸಣ್ಣ ಗೆರೆಯ ಸರಳ ಫಾಂಟ್ ಇರಲಿ.

ಎರಡು ಸಾಲು ಬರೆದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಏನು ಮಾಡಲಿ?

ಈ ಪ್ರಶ್ನೆಯೇ ನನಗೆ ಜಾಸ್ತಿ ಬರುವುದು. ನನಗೂ ಆಗಿದೆ. ಒಂದು ಶಾಲೆಗೆ "ಮಕ್ಕಳ" ಎಂದು ಮೇಲಿನ ಸಾಲು, "ಶಿಬಿರ" ಎಂದು ಕೆಳಗಿನ ಸಾಲು ಮಾಡಿಕೊಟ್ಟಿದ್ದೆ. ಎರಡೂ ಸಾಲು ಹತ್ತಿರ ಇದ್ದರೆ ಗಟ್ಟಿಯಾಗಿ ಕಾಣುತ್ತದೆ ಎಂದು ಸಾಲಿನ ಅಂತರ ಕಡಿಮೆ ಮಾಡಿದ್ದೆ. ಕಂಪ್ಯೂಟರ್‌ನಲ್ಲಿ ಕೂದಲೆಳೆಯ ಸಂದಿ ಇತ್ತು. ಫ್ಲೆಕ್ಸ್ ಆಗಿ ಬಂದಾಗ ಆ ಸಂದಿಯೂ ಇಲ್ಲ. ಕ-ದ ಒತ್ತು ಬಿ-ಯ ಗುಡಿಸಿನ ಮೇಲೆ ಕುಳಿತು ಎರಡೂ ಒಂದೇ ಗಂಟಾಗಿತ್ತು. ಹತ್ತು ಅಡಿಯ ಬ್ಯಾನರ್. ಮತ್ತೆ ಪ್ರಿಂಟ್ ಹಾಕಿಸಿದೆ. ಅವತ್ತಿನಿಂದ ಈ ಕೆಳಗಿನ ಕ್ರಮ ಬಿಟ್ಟಿಲ್ಲ.

ಮೊದಲು, ತಂತ್ರಾಂಶ ತಾನಾಗಿ ಕೊಡುವ ಸಾಲಿನ ಅಂತರವನ್ನು ನಂಬಿ. ಅದು ಜಾಸ್ತಿ ಅನ್ನಿಸುತ್ತದೆ, ಆದರೆ ಒತ್ತಿಗೂ ಗುಡಿಸಿಗೂ ಜಾಗ ಬೇಕು ಎಂದೇ ಹಾಗಿದೆ. ಅಂತರ ಕಡಿಮೆ ಮಾಡಲೇಬೇಕು ಅಂದರೆ ಪದಗಳನ್ನು ನೋಡಿ. ಮೇಲಿನ ಸಾಲಿನಲ್ಲಿ ಒತ್ತು ಇಲ್ಲದಿದ್ದರೆ ಧೈರ್ಯವಾಗಿ ಹತ್ತಿರ ತನ್ನಿ. "ಮಾವಿನ" ಕೆಳಗೆ "ಮೇಳ" ಇದ್ದರೆ ತೊಂದರೆ ಇಲ್ಲ. ಒತ್ತು ಇದ್ದರೆ, ಅದರ ನೇರ ಕೆಳಗೆ ಏನು ಬರುತ್ತದೆ ನೋಡಿ. ಕೆಳಗಿನ ಸಾಲನ್ನು ಅರ್ಧ ಅಕ್ಷರ ಎಡಕ್ಕೋ ಬಲಕ್ಕೋ ಸರಿಸಿದರೆ ಒತ್ತು ಎರಡು ಗುಡಿಸುಗಳ ನಡುವಿನ ಸಂದಿಗೆ ಇಳಿಯುತ್ತದೆ. ಬ್ರಷ್ ಕಲಾವಿದರು ಮಾಡುತ್ತಿದ್ದದ್ದೂ ಇದನ್ನೇ. ಚೆನ್ನಾಗಿ ಕೂತರೆ ಎರಡು ಸಾಲು ಕೈ ಕೈ ಹಿಡಿದ ಹಾಗೆ ಕಾಣುತ್ತದೆ.

ಅದೂ ಆಗದಿದ್ದರೆ ಪದ ಒಡೆಯುವ ಜಾಗ ಬದಲಾಯಿಸಿ. ಒಂದು ಸಾಲಿನಲ್ಲಿದ್ದದ್ದು ಇನ್ನೊಂದಕ್ಕೆ ಹೋದರೆ ಸಮಸ್ಯೆಯೇ ಇರುವುದಿಲ್ಲ.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿ ಬಾಲೂ ತಮ್ಮ ಹಾಕಿದರೆ ಏನೇನೋ ಇಂಗ್ಲಿಷ್ ಗುರುತು ಬರುತ್ತವೆ. ಫಾಂಟ್ ಕೆಟ್ಟಿದೆಯಾ?

ಫಾಂಟ್ ಸರಿಯಾಗಿದೆ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದರು. ಕಂಪ್ಯೂಟರ್‌ಗೆ ಅದು ಕನ್ನಡ ಎಂದು ಗೊತ್ತೇ ಇಲ್ಲ. ಆ ಫಾಂಟ್ ತೆಗೆದ ಕೂಡಲೇ ಒಳಗಿದ್ದ ಇಂಗ್ಲಿಷ್ ಗುರುತುಗಳು ಹೊರಬೀಳುತ್ತವೆ. ಬಾಲೂ ತಮ್ಮ ಯೂನಿಕೋಡ್ ಫಾಂಟ್. ಯೂನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ.

ಪರಿಹಾರ ಸುಲಭ. ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್ ಇದೆ. ಬದಲಾಯಿಸಿ ಆಮೇಲೆ ಅಂಟಿಸಿ. ಬದಲಾಯಿಸಿದ ಮೇಲೆ ಒಮ್ಮೆ ಓದಿ ನೋಡಲೇಬೇಕು. ಅರ್ಕಾವತ್ತು, ದೀರ್ಘ, ಎರಡು ಒತ್ತು ಬರುವ ಕಡೆ ತಪ್ಪು ಉಳಿದಿರಬಹುದು. ಹೊಸದಾಗಿ ಟೈಪ್ ಮಾಡುವುದಾದರೆ ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಮಾಡಿ.

ನನ್ನ ಕಂಪ್ಯೂಟರ್‌ನಲ್ಲಿ ಸರಿ ಇದೆ. ಪ್ರೆಸ್‌ನಲ್ಲಿ ಒತ್ತು ಬಿಡಿಬಿಡಿಯಾಗಿ ಬಂತು. ಯಾಕೆ?

ಎರಡು ಕಾರಣ ಇರಬಹುದು. ಅವರ ಹತ್ತಿರ ಆ ಫಾಂಟ್ ಇಲ್ಲದೆ ಬೇರೆ ಯಾವುದೋ ಬಂದು ಕೂತಿರಬಹುದು. ಅಥವಾ ಅವರ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುವುದಿಲ್ಲ. ಕನ್ನಡದಲ್ಲಿ ಕ, ಹಲಂತ (ಅಕ್ಷರದ ಸ್ವರ ತೆಗೆಯುವ ಗುರುತು), ಕ ಎಂದು ಮೂರು ಗುರುತು ಸೇರಿ "ಕ್ಕ" ಆಗಬೇಕು. ಆ ಜೋಡಣೆ ಮಾಡುವುದು ಫಾಂಟ್ ಮತ್ತು ತಂತ್ರಾಂಶ ಎರಡೂ ಸೇರಿ. ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಅದರ ಕೊನೆಯ ಆವೃತ್ತಿ 7 ಬಂದದ್ದೇ 2001ರಲ್ಲಿ. ಹಳೆಯ ಕೋರೆಲ್‌ಡ್ರಾದಲ್ಲೂ ಒಡೆಯುತ್ತದೆ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಫೋಟೋಶಾಪ್‌ನಲ್ಲೂ ಟೈಪ್ ಸೆಟ್ಟಿಂಗ್‌ನಲ್ಲಿ ಅಂಥದ್ದೇ ಆಯ್ಕೆ ಇದೆ. ಹಣ ಕೊಡದೆ ಕೆಲಸ ಆಗಬೇಕು ಅಂದರೆ ಇಂಕ್‌ಸ್ಕೇಪ್ ಇದೆ, ಅದರಲ್ಲಿ ಕನ್ನಡ ಸರಿಯಾಗಿ ಕೂರುತ್ತದೆ.

ಪ್ರೆಸ್‌ಗೆ ಕೊಡುವ ಮೊದಲು ಅಕ್ಷರಗಳನ್ನು ಕರ್ವ್ ಮಾಡಿ ಕೊಡಿ. ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಾಯಿಸುವುದು. ಆಮೇಲೆ ಯಾರ ಕಂಪ್ಯೂಟರ್‌ನಲ್ಲಿ ತೆರೆದರೂ ಒಡೆಯುವುದಿಲ್ಲ. ತಿದ್ದಲು ಬರುವ ಮೂಲ ಫೈಲನ್ನು ನಿಮ್ಮ ಹತ್ತಿರ ಬೇರೆ ಇಟ್ಟುಕೊಳ್ಳಿ.

"ಬುಕ್‌ಸ್ಟಾಲ್" ಎಂದು ಬರೆದರೆ "ಬುಕ್ಸ್ಟಾಲ್" ಎಂದು ಸೇರಿಕೊಳ್ಳುತ್ತದೆ. ಬಿಡಿಸುವುದು ಹೇಗೆ?

ಹಲಂತ ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. "ಇಲ್ಲಿ ಸೇರಿಸಬೇಡ" ಎಂದು ಹೇಳುವ ಗುರುತು ಅದು. ಕೆಲವು ಕೀಬೋರ್ಡ್‌ಗಳಲ್ಲಿ ಅದಕ್ಕೆ ಕೀಲಿ ಇರುತ್ತದೆ. ಇಲ್ಲದಿದ್ದರೆ ಸರಿಯಾಗಿ ಬರೆದ ಪದವನ್ನು ಎಲ್ಲಿಂದಾದರೂ ನಕಲು ಮಾಡಿಕೊಳ್ಳಿ. ದಪ್ಪ ಅಕ್ಷರದಲ್ಲಿ ಇದು ಮುಖ್ಯ. ಬೇಡದ ಒತ್ತು ಕೆಳಗೆ ಬಂದು ಕೂತರೆ ಪದ ಓದಲು ಬರುವುದಿಲ್ಲ, ಸಾಲಿನ ಜಾಗವೂ ಹಾಳು.

ಇದರ ಇನ್ನೊಂದು ಅಣ್ಣ ಜೀರೋ ವಿಡ್ತ್ ಜಾಯ್ನರ್. "ಸೂರ್ಯ" ಎಂಬಲ್ಲಿ ಅರ್ಕಾವತ್ತು ಬೇಡ, ರ-ಗೆ ಯ ಒತ್ತು ಬರಲಿ ಎಂದರೆ ಅದನ್ನು ರ ಮತ್ತು ಹಲಂತದ ನಡುವೆ ಹಾಕಿ. "ಸೂರ‍್ಯ" ಎಂದಾಗುತ್ತದೆ. ನನಗೆ ಬೋರ್ಡ್‌ನಲ್ಲಿ ಅರ್ಕಾವತ್ತೇ ಇಷ್ಟ. ಕೆಳಗೆ ಒತ್ತು ಇರುವುದಿಲ್ಲ, ಸಾಲು ಚೊಕ್ಕವಾಗಿ ಕೂರುತ್ತದೆ.

ಇನ್ನೂ ದಪ್ಪ ಬೇಕು. ಬಿ (ಬೋಲ್ಡ್) ಗುಂಡಿ ಒತ್ತಬಹುದಾ? ಓರೆ ಮಾಡಬಹುದಾ?

ಎರಡೂ ಬೇಡ. 800ರ ಮೇಲೆ ಬಿ ಒತ್ತಿದರೆ ತಂತ್ರಾಂಶ ಸುಮ್ನೆ ಸುತ್ತ ಮಸಿ ಬಳಿಯುತ್ತದೆ. ಫಾಂಟ್ ಮಾಡಿದವರು ಕಷ್ಟಪಟ್ಟು ಉಳಿಸಿದ ಬಿಳಿ ಜಾಗ ಅಲ್ಲಿಗೆ ಮುಗಿಯಿತು. ಓರೆ ಮಾಡಿದರೆ ಒತ್ತು ತನ್ನ ಅಕ್ಷರದ ಕೆಳಗಿಂದ ಜಾರಿ ಎಡಕ್ಕೆ ಹೋದ ಹಾಗೆ ಕಾಣುತ್ತದೆ. ಅಕ್ಷರಗಳ ನಡುವೆ ಅಂತರ ಹಿಗ್ಗಿಸುವುದೂ ಕನ್ನಡಕ್ಕೆ ಒಗ್ಗುವುದಿಲ್ಲ. ಕೆಲವು ತಂತ್ರಾಂಶಗಳಲ್ಲಿ ದೀರ್ಘವೂ ಕೊಂಬೂ ಅಕ್ಷರದಿಂದ ಕಳಚಿಕೊಂಡು ದೂರ ನಿಲ್ಲುತ್ತವೆ.

ಹೊರಗೆರೆ, ನೆರಳು ಹಾಕಬಹುದು. ಈ ಫಾಂಟ್‌ಗೆ ಅದು ಚೆನ್ನಾಗಿಯೇ ಕಾಣುತ್ತದೆ. ಆದರೆ ಗೆರೆ ಅಕ್ಷರದ ಹೊರಗೆ ಮಾತ್ರ ಇರಲಿ, ಒಳಗೆ ಬೆಳೆಯಬಾರದು. ಗೆರೆ ಹಾಕಿದ ಮೇಲೆ ಥ, ಠ, ಷ ಅಕ್ಷರಗಳ ಒಳಗೆ ನೋಡಿ. ಚುಕ್ಕೆ, ಗೆರೆ ಕಾಣುತ್ತಿವೆಯಾ? ಹಾಗಿದ್ದರೆ ಸರಿ.

ಇಂಗ್ಲಿಷ್ ಜೊತೆ ಹೇಗೆ ಹೊಂದಿಸುವುದು?

ಬಾಲೂ ತಮ್ಮದ ಒಳಗೇ ಇಂಗ್ಲಿಷ್ ಅಕ್ಷರಗಳಿವೆ. ಅವನ್ನೇ ಬಳಸಿ. ಎರಡನ್ನೂ ಜೊತೆಯಾಗಿ ಇಡಲೆಂದೇ ಮಾಡಿದ್ದರಿಂದ ದಪ್ಪ ಹೊಂದುತ್ತದೆ. ಕನ್ನಡ ಸಪೂರ, ಇಂಗ್ಲಿಷ್ ದಪ್ಪ ಇರುವ ಬೋರ್ಡ್‌ಗಳನ್ನು ನೋಡಿ ಎಷ್ಟು ಸಲ ಬೇಸರವಾಗಿದೆಯೋ! ನಮ್ಮ ಭಾಷೆ ಅಡಿಟಿಪ್ಪಣಿಯ ಹಾಗೆ ಕಾಣುತ್ತದೆ.

ಕರ್ನಾಟಕದಲ್ಲಿ 2024ರ ತಿದ್ದುಪಡಿಯ ಪ್ರಕಾರ ಅಂಗಡಿ, ವ್ಯಾಪಾರ ಸಂಸ್ಥೆಗಳ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಇಂಗ್ಲಿಷಿಗೆ ಮಾಡಿದ ಬೋರ್ಡ್‌ಗೆ ಕೊನೆಗೆ ಕನ್ನಡ ತುರುಕುವ ಬದಲು ಕನ್ನಡದಿಂದಲೇ ಶುರು ಮಾಡಿ. ಮೊದಲು ಕನ್ನಡ ಹೆಸರನ್ನು ಒತ್ತು, ಗುಡಿಸು ಸಮೇತ ಆರಾಮವಾಗಿ ಕೂರಿಸಿ. ಉಳಿದ ಜಾಗಕ್ಕೆ ಇಂಗ್ಲಿಷ್ ತಾನಾಗಿ ಕೂರುತ್ತದೆ. ಅದಕ್ಕೆ ಒತ್ತು, ಗುಡಿಸಿನ ಚಿಂತೆ ಇಲ್ಲವಲ್ಲ.

ಬೋರ್ಡ್‌ಗೆ ಎಷ್ಟು ದೊಡ್ಡ ಅಕ್ಷರ ಬೇಕು? ಅಕ್ರಿಲಿಕ್‌ನಲ್ಲಿ ಕತ್ತರಿಸಬಹುದಾ?

ಬೋರ್ಡ್ ಕೆಲಸದವರ ಒರಟು ಲೆಕ್ಕ: ಪ್ರತಿ 10 ಅಡಿ ದೂರಕ್ಕೆ 1 ಇಂಚು ಎತ್ತರದ ಅಕ್ಷರ. ಆದರೆ ಇದು ಇಂಗ್ಲಿಷಿನ ಲೆಕ್ಕ. ಕನ್ನಡದಲ್ಲಿ ಒತ್ತು ಮುಖ್ಯ ಅಕ್ಷರಕ್ಕಿಂತ ಚಿಕ್ಕದು. ಹಾಗಾಗಿ ದೊಡ್ಡ ಅಕ್ಷರ ಓದಲು ಬಂದರೆ ಸಾಲದು, ಒತ್ತು ಓದಲು ಬರಬೇಕು. ಹೆಸರಿನಲ್ಲಿ ಒತ್ತು ಇದ್ದರೆ ಆ ಲೆಕ್ಕಕ್ಕಿಂತ ದೊಡ್ಡದು ಮಾಡಿ.

ಅಕ್ರಿಲಿಕ್, ಫೋಮ್ ಶೀಟ್‌ಗೆ ಈ ಫಾಂಟ್ ತುಂಬಾ ಒಳ್ಳೆಯದು. ದಪ್ಪ ಇರುವುದರಿಂದ ಮುರಿಯುವುದಿಲ್ಲ. ಅಂಚು ದುಂಡಗಿರುವುದರಿಂದ ಯಂತ್ರಕ್ಕೂ ಸುಲಭ. ಎರಡು ಎಚ್ಚರಿಕೆ. ಠ, ಥ ಒಳಗಿನ ಚುಕ್ಕೆ, ಸೊನ್ನೆ ಇವು ಬಿಡಿ ತುಂಡುಗಳಾಗಿ ಬರುತ್ತವೆ. ಹಚ್ಚುವಾಗ ಕಳೆದುಹೋಗದ ಹಾಗೆ ಪೂರ್ತಿ ಅಳತೆಯ ಕಾಗದದ ನಕ್ಷೆ ಇಟ್ಟುಕೊಳ್ಳಿ. ಇನ್ನೊಂದು, ವೇರಿಯಬಲ್ ಫಾಂಟ್‌ಗಳಲ್ಲಿ ಅಕ್ಷರದ ಗೆರೆಗಳು ಒಂದರ ಮೇಲೊಂದು ಹಾದುಹೋಗಿರುವುದು ಸಾಮಾನ್ಯ. ಕಣ್ಣಿಗೆ ಕಾಣದು, ಆದರೆ ಕತ್ತರಿಸುವ ಯಂತ್ರ ಆ ಒಳಗೆರೆಯನ್ನೂ ಕತ್ತರಿಸುತ್ತದೆ. ಕರ್ವ್ ಮಾಡಿದ ಮೇಲೆ ವೆಲ್ಡ್ ಮಾಡಿ ಒಂದೇ ಆಕಾರ ಮಾಡಿಕೊಳ್ಳಿ.

ಇದರ ಜೊತೆ ಮೈಬರಹಕ್ಕೆ ಯಾವ ಫಾಂಟ್?

ಸಪ್ಪಗಿರುವುದನ್ನು ಆರಿಸಿ. ಒಂದೇ ಹಾಳೆಯಲ್ಲಿ ಇಬ್ಬರು ತುಂಟರು ಬೇಡ. ನೋಟೋ ಸಾನ್ಸ್ ಕನ್ನಡ ಸರಿಹೊಂದುತ್ತದೆ. ಏಕ್ ಟೈಪ್ ತಂಡದ್ದೇ ಅನೇಕ್ ಕನ್ನಡ ಇದೆ, 2022ರಲ್ಲಿ ಬಂದದ್ದು. ಅದರಲ್ಲಿ ದಪ್ಪದ ಜೊತೆ ಅಗಲವನ್ನೂ ಬದಲಾಯಿಸಬಹುದು. ಕಥೆ ಪುಸ್ತಕದ ಒಳಪುಟಕ್ಕೆ ತಿರೋ ಕನ್ನಡ ನೋಡಿ, ಹಳೆಯ ಅಚ್ಚಿನ ಗಾಂಭೀರ್ಯ ಇದೆ.

ದುಡ್ಡು ಕೊಡಬೇಕಾ? ನನ್ನ ಅಂಗಡಿಯ ಲೋಗೋ ಮಾಡಬಹುದಾ?

ಕೊಡಬೇಕಿಲ್ಲ, ಲೋಗೋ ಮಾಡಬಹುದು. ಇದು ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ ಅಡಿಯಲ್ಲಿದೆ. ವ್ಯಾಪಾರಕ್ಕೆ ಬಳಸಿ, ಪುಸ್ತಕ ಅಚ್ಚು ಹಾಕಿ, ಟಿ-ಶರ್ಟ್ ಮಾರಿ, ಆ್ಯಪ್ ಒಳಗೆ ಸೇರಿಸಿ. ಫಾಂಟ್ ಫೈಲನ್ನು ಮಾತ್ರ ಬಿಡಿಯಾಗಿ ಮಾರುವ ಹಾಗಿಲ್ಲ. ಫಾಂಟ್ ತಿದ್ದಿ ಹಂಚಿದರೆ ಅದೂ ಇದೇ ಲೈಸೆನ್ಸ್‌ನಲ್ಲಿ ಇರಬೇಕು. ನಿಮ್ಮ ಬೋರ್ಡ್‌ನಲ್ಲಿ ಮಾಡಿದವರ ಹೆಸರು ಹಾಕುವುದು ಕಡ್ಡಾಯವಲ್ಲ. ಪುಸ್ತಕವಾದರೆ ಹಾಕಿ. ಅಕ್ಷರ ಮಾಡಿದವರ ಹೆಸರು ಓದುಗರಿಗೆ ಗೊತ್ತಾಗುವುದು ನಮ್ಮಲ್ಲಿ ತೀರಾ ಅಪರೂಪ.

ತುಳು, ಕೊಂಕಣಿ ಬರೆಯಬಹುದಾ?

ಕನ್ನಡ ಲಿಪಿಯಲ್ಲಿ ಬರೆಯುವ ತುಳು, ಕೊಂಕಣಿ, ಕೊಡವ, ಬ್ಯಾರಿ ಎಲ್ಲವನ್ನೂ ಬರೆಯಬಹುದು. ತುಳುವಿನ ಸ್ವಂತ ಲಿಪಿ ಇದರಲ್ಲಿ ಇಲ್ಲ. ತುಳು-ತಿಗಳಾರಿ ಲಿಪಿ ಯೂನಿಕೋಡ್‌ಗೆ ಸೇರಿದ್ದೇ 2024ರಲ್ಲಿ.

ನನ್ನ ಕೆಲಸಕ್ಕೆ ಇದು ಸರಿಯೋ ಅಲ್ಲವೋ, ಹೇಗೆ ತಿಳಿಯುವುದು?

"ಕನ್ನಡ" ಎಂದೋ "ನಮಸ್ಕಾರ" ಎಂದೋ ಬರೆದು ನೋಡಿ ತೀರ್ಮಾನ ಮಾಡಬೇಡಿ. ಆ ಪದಗಳು ಎಲ್ಲ ಫಾಂಟ್‌ನಲ್ಲೂ ಚೆನ್ನಾಗಿ ಕಾಣುತ್ತವೆ. ಕಷ್ಟದ ಪದ ಕೊಡಿ: ಸ್ವಾತಂತ್ರ್ಯ, ರಾಷ್ಟ್ರೀಯ, ವೈಶಿಷ್ಟ್ಯ, ಉಜ್ಜ್ವಲ, ಶ್ರೀ. ಆಮೇಲೆ ನಿಮ್ಮದೇ ಹೆಸರು, ನಿಮ್ಮ ಬೀದಿಯ ಹೆಸರು ಬರೆಯಿರಿ. ಮಹಾಪ್ರಾಣ ಇರುವ ಪದ ಒಂದಾದರೂ ಇರಲಿ.

ಅದನ್ನು ಪರದೆಯಲ್ಲಿ ನೋಡಿದರೆ ಸಾಲದು. ಒಂದು ಹಾಳೆಗೆ ಪ್ರಿಂಟ್ ತೆಗೆಯಿರಿ. ಗೋಡೆಗೆ ಅಂಟಿಸಿ. ಬೋರ್ಡ್ ಎಷ್ಟು ದೂರದಿಂದ ಕಾಣಬೇಕೋ ಆ ಲೆಕ್ಕಕ್ಕೆ ಹಿಂದೆ ಹೋಗಿ ನಿಲ್ಲಿ. ಕಣ್ಣನ್ನು ಅರ್ಧ ಮುಚ್ಚಿ ನೋಡಿ. ಹೊಟ್ಟೆಯೊಳಗಿನ ಬಿಳಿ ಇನ್ನೂ ಕಾಣುತ್ತಿದ್ದರೆ ಆ ದಪ್ಪ ಸರಿ. ಮುಚ್ಚಿಹೋದರೆ 800ರಿಂದ 700ಕ್ಕೆ ಇಳಿಸಿ ಮತ್ತೊಂದು ಹಾಳೆ ತೆಗೆಯಿರಿ. ಕೊನೆಗೆ, ಆ ಪದ ಏನೆಂದು ಗೊತ್ತಿಲ್ಲದ ಒಬ್ಬರನ್ನು ಕರೆದು ಓದಿಸಿ. ನಾನು ಪಕ್ಕದ ಹೂವಿನಂಗಡಿಯ ಅಜ್ಜಿಯನ್ನು ಕರೆಯುತ್ತೇನೆ. ಅವರು ತಡವರಿಸದೆ ಓದಿದ ಮೇಲೆಯೇ ಫೈಲ್ ಪ್ರೆಸ್‌ಗೆ ಹೋಗುತ್ತದೆ.